ಕಾಯ್ದೆಯೇ ಇಲ್ಲದ ಗೂಢಚರ್ಯೆ: ಸಂಸತ್ತಿಗೇಕೆ ಈ ಮೌನ?

2022ರ ನವೆಂಬರ್ 4ರ ಸಂಜೆ, ಮೈಸೂರಿನ ಮಾನಸಗಂಗೋತ್ರಿ ಆವರಣದಲ್ಲಿ ವಾಯುವಿಹಾರಕ್ಕೆ ತೆರಳಿದ್ದ ವೃದ್ಧರೊಬ್ಬರು ಕಾರು ಬಡಿದು ಸಾವಿಗೀಡಾದರು. ಅಪಘಾತವೆಂದು ಮೊದಲು ಭಾವಿಸಲಾಗಿದ್ದ ಈ ಸಾವು, ಸಿಸಿಟಿವಿ ದೃಶ್ಯಗಳು ಹೊರಬಂದ ಬಳಿಕ ಕೊಲೆ ಪ್ರಕರಣವಾಗಿ ಬದಲಾಯಿತು. ಮೃತರು ಆರ್.ಎನ್. ಕುಲಕರ್ಣಿ. ಕೇಂದ್ರ ಗುಪ್ತಚರ ದಳದ, ಅಂದರೆ ಐ.ಬಿ.ಯ ನಿವೃತ್ತ ಅಧಿಕಾರಿ. ಗೂಢಚರ ಸಂಸ್ಥೆಯಲ್ಲಿದ್ದವರು ಹೀಗೆ ಸತ್ತರೆ ಊಹಾಪೋಹಗಳಿಗೆ ಬರವೇ? ಆದರೆ ಪೊಲೀಸರು ಹೇಳಿದ್ದು, ಇದರ ಹಿಂದಿದ್ದುದು ನೆರೆಮನೆಯವರೊಂದಿಗಿನ ಕಟ್ಟಡದ ವಿವಾದ ಎಂದು. ಆ ಸಂಬಂಧ ಬಂಧನವೂ ನಡೆಯಿತು. ಅಲ್ಲಿಗೆ ಮಾಧ್ಯಮಗಳ ಕುತೂಹಲ ತಣಿಯಿತು. ದುರಂತವೇನೆಂದರೆ, ಅವರ ಸಾವಿನ ಬಗ್ಗೆ ಇಷ್ಟೊಂದು ಮಾತಾಡಿದ ನಾವು, ಅವರು ಬದುಕಿದ್ದಾಗ ನ್ಯಾಯಾಲಯದ ಮುಂದಿಟ್ಟಿದ್ದ ಪ್ರಶ್ನೆಯ ಬಗ್ಗೆ ಒಂದಿಷ್ಟೂ ಮಾತಾಡಲಿಲ್ಲ.

ಆ ಪ್ರಶ್ನೆ ಬಹಳ ಸರಳವಾದದ್ದು. 2012ರಲ್ಲಿ ಕರ್ನಾಟಕ ಹೈಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಅವರು ಕೇಳಿದ್ದು: ತಾನು ದಶಕಗಳ ಕಾಲ ದುಡಿದ ಸಂಸ್ಥೆ ಯಾವ ಕಾನೂನಿನ ಬಲದ ಮೇಲೆ ನಿಂತಿದೆ? 1887ರ ಡಿಸೆಂಬರ್ 23ರಂದು ಲಂಡನ್ನಿನಲ್ಲಿದ್ದ ಭಾರತ ವ್ಯವಹಾರಗಳ ಮಂತ್ರಿಯ ಆದೇಶದಿಂದ ಹುಟ್ಟಿದ ಶಾಖೆಯೊಂದು, ಹಲವು ಹೆಸರುಗಳನ್ನು ದಾಟಿ, 1920ರಲ್ಲಿ ಈಗಿನ ಹೆಸರು ಪಡೆದು, ಬ್ರಿಟಿಷರು ಹೋದ ಮೇಲೂ ಹಾಗೆಯೇ ಮುಂದುವರಿಯಿತು. ಅದನ್ನು ಸ್ಥಾಪಿಸುವ ಕಾಯ್ದೆಯನ್ನು ಭಾರತದ ಸಂಸತ್ತು ಇಂದಿಗೂ ರಚಿಸಿಲ್ಲ. ಕುಲಕರ್ಣಿಯವರ ಪುಸ್ತಕಗಳಲ್ಲಿನ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಒಳಗಿದ್ದವರೇ ಹೊರಬಂದು ಇಂಥ ಪ್ರಶ್ನೆ ಕೇಳುವುದು ಅಪರೂಪ.

ಕೇಂದ್ರ ಗೃಹ ಸಚಿವಾಲಯ ಉತ್ತರವಾಗಿ ಸಂವಿಧಾನದ ಏಳನೇ ಅನುಸೂಚಿಯತ್ತ ಬೆರಳು ತೋರಿಸಿತು. ಕೇಂದ್ರ ಪಟ್ಟಿಯ 8ನೇ ನಮೂದಿನಲ್ಲಿ ಕೇಂದ್ರೀಯ ಗುಪ್ತಚರ ಮತ್ತು ತನಿಖಾ ದಳದ ಉಲ್ಲೇಖವಿದೆ, ಆದ್ದರಿಂದ ಸಂಸ್ಥೆಗೆ ಸಂವಿಧಾನದ ಮಾನ್ಯತೆ ಇದೆ ಎಂಬುದು ಅದರ ವಾದ. ಕೇಳಲು ಚೆನ್ನಾಗಿದೆ. ಆದರೆ ಆ ಪಟ್ಟಿಯಲ್ಲಿರುವುದು ಸಂಸ್ಥೆಗಳಲ್ಲ, ಸಂಸತ್ತು ಯಾವ ಯಾವ ವಿಷಯಗಳ ಮೇಲೆ ಕಾನೂನು ಮಾಡಬಹುದು ಎಂಬ ಅನುಮತಿ. ಅನುಮತಿಯನ್ನೇ ಕಾನೂನು ಎನ್ನಬಹುದಾದರೆ ಸಂಸತ್ತಾದರೂ ಯಾಕೆ ಬೇಕು?

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಸಮುದಾಯದವರು ಕಾನೂನು ಕಾಲೇಜಿಗೆ ಹೋಗಬೇಕಾಗಿಲ್ಲ. ಧಾರ್ಮಿಕ ದತ್ತಿಗಳ ವಿಷಯ ಸಮವರ್ತಿ ಪಟ್ಟಿಯ 28ನೇ ನಮೂದಿನಲ್ಲಿದೆ. ಹಾಗೆಂದು ಆ ನಮೂದನ್ನು ತೋರಿಸಿ ಯಾರಾದರೂ ವಕ್ಫ್ ಮಂಡಳಿಯೊಂದನ್ನು ಕಟ್ಟಿ, ಮುತವಲ್ಲಿಗಳಿಂದ ಲೆಕ್ಕ ಕೇಳಲು ಸಾಧ್ಯವಿತ್ತೇ? ಇಲ್ಲ. ಅದಕ್ಕಾಗಿ 1954ರಲ್ಲಿ ಕಾಯ್ದೆ ಬಂತು, 1995ರಲ್ಲಿ ಮತ್ತೊಂದು ಬಂತು, 2025ರಲ್ಲಿ ದೇಶವಿಡೀ ಚರ್ಚಿಸಿದ ತಿದ್ದುಪಡಿ ಬಂತು. ಒಂದು ಸಣ್ಣ ಊರಿನ ಮಸೀದಿಯ ನಾಲ್ಕು ಅಂಗಡಿಗಳ ಬಾಡಿಗೆಗೂ ನೋಂದಣಿ, ಸಮೀಕ್ಷೆ, ಆಡಿಟ್ ಎಲ್ಲವೂ ಕಾಯ್ದೆಯ ಸೆಕ್ಷನ್‌ಗಳ ಪ್ರಕಾರವೇ ನಡೆಯಬೇಕು. ನಡೆಯಲಿ, ಅದು ತಪ್ಪಲ್ಲ. ಆದರೆ ನಾಲ್ಕು ಅಂಗಡಿಗಳ ಬಾಡಿಗೆಗೆ ಬೇಕಾದ ಕಾನೂನು, ಒಂದು ದೇಶದ ಬೇಹುಗಾರಿಕೆಗೆ ಬೇಡವೆಂದರೆ ಹೇಗೆ?

ಅಂದಹಾಗೆ, 8ನೇ ನಮೂದು ಸಂವಿಧಾನ ರಚನಾ ಸಭೆಯ ಮುಂದೆ ಬಂದಾಗ, 1949ರ ಆಗಸ್ಟ್ 29ರಂದು, ಅದರ ಪದಗಳ ಬಗ್ಗೆ ಎದ್ದು ನಿಂತು ಸಂದೇಹ ವ್ಯಕ್ತಪಡಿಸಿದವರು ಬಂಗಾಳದ ನಜೀರುದ್ದೀನ್ ಅಹ್ಮದ್. 'ತನಿಖೆ' ಎಂಬ ಪದ ಸೇರಿದರೆ ಕೇಂದ್ರವು ರಾಜ್ಯಗಳ ಪೊಲೀಸರಿಗೆ ಸಮಾನಾಂತರವಾದ ಇನ್ನೊಂದು ಪೊಲೀಸ್ ವ್ಯವಸ್ಥೆಯನ್ನು ಕಟ್ಟುವುದೇ ಎಂಬುದು ಅವರ ಆತಂಕವಾಗಿತ್ತು. ಡಾ. ಅಂಬೇಡ್ಕರ್ ಉತ್ತರಿಸಿದರು: ಇದು ಮಾಹಿತಿ ಕಲೆಹಾಕಿ, ಆ ಮಾಹಿತಿ ನಿಜವೋ ಅಲ್ಲವೋ ಎಂದು ಪರಿಶೀಲಿಸಿ, ಪ್ರಾಂತ ಸರಕಾರಗಳಿಗೆ ತಿಳಿಸುವ ದಳವಷ್ಟೇ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಅರ್ಥದಲ್ಲಿ ಪೊಲೀಸರು ನಡೆಸುವ ತನಿಖೆ ಇದಲ್ಲ. ಈ ಮಾತುಗಳು ದಶಕಗಳ ಬಳಿಕ ಮತ್ತೆ ಜೀವ ಪಡೆದವು. 2013ರ ನವೆಂಬರ್ 6ರಂದು ಗುವಾಹಟಿ ಹೈಕೋರ್ಟ್, 1963ರ ಏಪ್ರಿಲ್ 1ರ ಒಂದು ಸರಕಾರಿ ನಿರ್ಣಯದ ಆಧಾರದಲ್ಲಿ ನಿಂತಿರುವ ಸಿಬಿಐಗೆ ಕಾನೂನಿನ ತಳಹದಿ ಇಲ್ಲವೆಂದು ತೀರ್ಪಿತ್ತಾಗ ರಚನಾ ಸಭೆಯ ಈ ಚರ್ಚೆಯನ್ನೂ ಪರಿಗಣಿಸಿತು. ಮೂರೇ ದಿನಗಳಲ್ಲಿ ಸುಪ್ರೀಮ್ ಕೋರ್ಟಿನಿಂದ ತಡೆಯಾಜ್ಞೆ ಬಂತು.

ಇದು ದೇಶದೊಳಗಿನ ಸಂಸ್ಥೆಗಳ ಮಾತಾಯಿತು. ವಿದೇಶಗಳಲ್ಲಿ ಬೇಹುಗಾರಿಕೆ ನಡೆಸುವ 'ರಾ', ಅಂದರೆ ರಿಸರ್ಚ್ ಅಂಡ್ ಅನಾಲಿಸಿಸ್ ವಿಂಗ್‌ನ ಸ್ಥಿತಿ ಇದಕ್ಕಿಂತಲೂ ವಿಚಿತ್ರ. ಐ.ಬಿ.ಗಾದರೂ ತೋರಿಸಲು ಒಂದು ನಮೂದಿದೆ, 'ರಾ'ಗೆ ಅದೂ ಇಲ್ಲ. 1962ರ ಚೀನಾ ಯುದ್ಧ ಮತ್ತು 1965ರ ಪಾಕಿಸ್ತಾನ ಯುದ್ಧಗಳಲ್ಲಿ ಐ.ಬಿ.ಯ ವಿದೇಶಿ ಮಾಹಿತಿ ಸಾಲದೆಂದು ಕಂಡುಬಂದಾಗ, 1968ರ ಸೆಪ್ಟೆಂಬರ್ 21ರಂದು ಪ್ರಧಾನಿ ಇಂದಿರಾ ಗಾಂಧಿಯವರ ಸರಕಾರ ಆಡಳಿತಾತ್ಮಕ ಆದೇಶದ ಮೂಲಕವೇ ಅದನ್ನು ಹುಟ್ಟುಹಾಕಿತು. ಮೊದಲ ಮುಖ್ಯಸ್ಥರು ಆರ್.ಎನ್. ಕಾವ್. ಹೆಸರಿನಲ್ಲೇ ನೋಡಿ, ಅದು ಸಂಸ್ಥೆಯಲ್ಲ, ಸಚಿವ ಸಂಪುಟ ಕಾರ್ಯಾಲಯದ ಒಂದು 'ವಿಂಗ್'. ಅದರ ಮುಖ್ಯಸ್ಥರು ಆ ಕಾರ್ಯಾಲಯದ ಒಬ್ಬ ಕಾರ್ಯದರ್ಶಿ. ಅದು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಯಾರಿಗೆ ಉತ್ತರಿಸಬೇಕು ಎಂಬುದನ್ನು ಹೇಳುವ ಒಂದೇ ಒಂದು ಕಾಯ್ದೆ ಈ ದೇಶದಲ್ಲಿಲ್ಲ. 1971ರ ಬಾಂಗ್ಲಾ ವಿಮೋಚನೆಯಲ್ಲಿ ಅದು ವಹಿಸಿದ ಪಾತ್ರವನ್ನು ಯಾರೂ ಅಲ್ಲಗಳೆಯುವುದಿಲ್ಲ. ಇಲ್ಲಿರುವ ಪ್ರಶ್ನೆ ಅದರ ಸಾಮರ್ಥ್ಯದ್ದಲ್ಲ.

ಹಾಗಾದರೆ ಸಂಸತ್ತಿಗೆ ಈ ಸಂಸ್ಥೆಯ ಹೆಸರೇ ಗೊತ್ತಿಲ್ಲವೇ? ಗೊತ್ತಿದೆ. 1985ರಲ್ಲಿ ಒಂದು ಕಾಯ್ದೆ ಬಂತು, ಗುಪ್ತಚರ ಸಂಸ್ಥೆಗಳ ಹಕ್ಕು ನಿರ್ಬಂಧ ಕಾಯ್ದೆ. ಅದರ ಅನುಸೂಚಿಯಲ್ಲಿ ಐ.ಬಿ. ಇದೆ, 'ರಾ' ಇದೆ. ಆದರೆ ಆ ಕಾಯ್ದೆ ನಿರ್ಬಂಧಿಸಿದ್ದು ಸಂಸ್ಥೆಯ ಅಧಿಕಾರವನ್ನಲ್ಲ, ಅದರ ನೌಕರರು ಸಂಘ ಕಟ್ಟುವ ಮತ್ತು ಪತ್ರಿಕೆಗಳೊಂದಿಗೆ ಮಾತಾಡುವ ಹಕ್ಕನ್ನು! 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಅದರ ಎರಡನೇ ಅನುಸೂಚಿಯಲ್ಲಿಯೂ 'ರಾ' ಇದೆ. ಯಾಕೆ? ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನುಳಿದು ಬೇರಾವ ಮಾಹಿತಿಯನ್ನೂ ಅದು ನಮಗೆ ಕೊಡಬೇಕಾಗಿಲ್ಲ ಎಂದು ಹೇಳಲಿಕ್ಕೆ. ನೌಕರರ ಬಾಯಿ ಮುಚ್ಚಿಸಲು ಒಂದು ಕಾಯ್ದೆ, ಪ್ರಜೆಯ ಪ್ರಶ್ನೆಯನ್ನು ತಡೆಯಲು ಒಂದು ಕಾಯ್ದೆ. ಸಂಸ್ಥೆಗೆ ಜನ್ಮ ಕೊಟ್ಟು ಗಡಿ ಹಾಕುವ ಕಾಯ್ದೆ ಮಾತ್ರ ಸೊನ್ನೆ.

ಸರಕಾರದ ಪರವಾಗಿ ಹೇಳಬಹುದಾದ ಗಟ್ಟಿ ವಾದವೊಂದಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಸಂವಿಧಾನದ 73ನೇ ವಿಧಿಯ ಪ್ರಕಾರ, ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳಲ್ಲೆಲ್ಲ ಕೇಂದ್ರ ಸರಕಾರಕ್ಕೆ ಕಾರ್ಯಾಂಗದ ಅಧಿಕಾರವೂ ಇರುತ್ತದೆ. ಪ್ರತಿಯೊಂದು ಕಚೇರಿ ತೆರೆಯಲೂ ಕಾಯ್ದೆ ಬೇಕಾಗಿಲ್ಲ. ಪಂಜಾಬಿನ ಪಠ್ಯಪುಸ್ತಕ ಪ್ರಕಾಶಕರ ಪ್ರಕರಣದಲ್ಲಿ, 1955ರಲ್ಲಿಯೇ ಸುಪ್ರೀಮ್ ಕೋರ್ಟ್ ಇದನ್ನು ಒಪ್ಪಿದೆ. ಸರಿ. ಆದರೆ ಪಠ್ಯಪುಸ್ತಕ ಮುದ್ರಿಸುವುದಕ್ಕೂ ಒಬ್ಬನ ಟೆಲಿಫೋನ್ ಕದ್ದಾಲಿಸುವುದಕ್ಕೂ ವ್ಯತ್ಯಾಸವಿಲ್ಲವೇ? ಪ್ರಜೆಯ ಹಕ್ಕಿಗೆ ಕೈ ಹಾಕದಿರುವವರೆಗೆ ಮಾತ್ರ ಆ ವಾದ ನಿಲ್ಲುತ್ತದೆ.

1962ರ ಖರಕ್ ಸಿಂಗ್ ಪ್ರಕರಣವನ್ನು ನೋಡಿ. ಡಕಾಯಿತಿಯ ಆರೋಪ ಹೊತ್ತ, ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಉತ್ತರ ಪ್ರದೇಶದ ವ್ಯಕ್ತಿಯ ಮೇಲೆ ಪೊಲೀಸರು, ನಮ್ಮಲ್ಲಿ ರೌಡಿ ಶೀಟ್ ಎನ್ನುತ್ತಾರಲ್ಲ, ಅಂಥದ್ದೊಂದನ್ನು ತೆರೆದರು. ಅವನ ಮನೆಯ ಬಾಗಿಲನ್ನು ರಾತ್ರಿ ಹೊತ್ತು ತಟ್ಟುತ್ತಿದ್ದರು. ಯಾವ ಕಾನೂನಿನ ಪ್ರಕಾರ ಎಂದು ಕೋರ್ಟ್ ಕೇಳಿತು. ಪೊಲೀಸ್ ನಿಯಮಾವಳಿ ಎಂದರು. ಅದು ಇಲಾಖೆಯ ಒಳಗಿನ ಸೂಚನೆಯೇ ಹೊರತು ಕಾನೂನಲ್ಲ ಎಂದು ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದುಪಡಿಸಿತು. ಕದ್ದಾಲಿಕೆಯ ಬಗ್ಗೆ 1996ರ ಕೊನೆಯಲ್ಲಿ ಬಂದ ತೀರ್ಪೂ ಇದೇ ಹಾದಿಯದ್ದು. ಇನ್ನು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿ ಹಿಡಿದಾಗ ಹೇಳಿದ ಷರತ್ತುಗಳಲ್ಲಿ ಮೊತ್ತಮೊದಲನೆಯದು, ಆ ಹಕ್ಕನ್ನು ಮೊಟಕುಗೊಳಿಸಲು ಒಂದು ಕಾನೂನು ಇರಲೇಬೇಕು ಎಂಬುದು. ಆ ಪ್ರಕರಣದ ಅರ್ಜಿದಾರರು ಯಾರು? ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, 2024ರಲ್ಲಿ ನಿಧನರಾದ ಕೆ.ಎಸ್. ಪುಟ್ಟಸ್ವಾಮಿ.

"'ರಾ' ಕೆಲಸ ಮಾಡುವುದು ವಿದೇಶದಲ್ಲಿ, ನಮ್ಮ ಹಕ್ಕುಗಳಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. ಅವರು 2018ರ ಡಿಸೆಂಬರ್ 20ರ ಗೃಹ ಸಚಿವಾಲಯದ ಅಧಿಸೂಚನೆಯನ್ನು ಒಮ್ಮೆ ಓದಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಸೆಕ್ಷನ್ನಿನಡಿ, ಯಾವುದೇ ಕಂಪ್ಯೂಟರಿನ ಮಾಹಿತಿಯನ್ನು ತಡೆಹಿಡಿದು ನೋಡಲು ಹತ್ತು ಸಂಸ್ಥೆಗಳಿಗೆ ಅಧಿಕಾರ ಕೊಟ್ಟ ಆದೇಶವದು. ಹತ್ತರಲ್ಲಿ ಒಂದರ ಹೆಸರು ಸಚಿವ ಸಂಪುಟ ಕಾರ್ಯಾಲಯ, ಪಕ್ಕದಲ್ಲಿಯೇ 'ರಾ' ಎಂದಿದೆ. ವಿದೇಶಕ್ಕೆಂದು ಹುಟ್ಟಿದ ಸಂಸ್ಥೆ ಮನೆಯೊಳಗೆ ಬಂದು ಕೂರಲು ಒಂದು ಪುಟದ ಅಧಿಸೂಚನೆ ಸಾಕಾಯಿತು, ಯಾಕೆಂದರೆ ಹೊಸ್ತಿಲು ದಾಟಬೇಡ ಎಂದು ಹೇಳುವ ಕಾಯ್ದೆಯೇ ಇರಲಿಲ್ಲ. ಪ್ರತಿಯೊಂದು ಪ್ರಕರಣಕ್ಕೂ ಗೃಹ ಕಾರ್ಯದರ್ಶಿಯ ಅನುಮತಿ ಬೇಕು, ಪುನರ್ವಿಮರ್ಶಾ ಸಮಿತಿ ಇದೆ ಎಂದು ಸರಕಾರ ಸಮರ್ಥಿಸಿಕೊಳ್ಳುತ್ತದೆ. ಇದೆ, ನಿಜ. ಆ ಸಮಿತಿಯ ಅಧ್ಯಕ್ಷರು ಸಂಪುಟ ಕಾರ್ಯದರ್ಶಿ. 'ರಾ' ಇರುವುದು ಯಾವ ಕಾರ್ಯಾಲಯದಲ್ಲಿ? ಸಂಪುಟ ಕಾರ್ಯಾಲಯದಲ್ಲಿ! ಸಮಿತಿಯ ಉಳಿದ ಸದಸ್ಯರೂ ಸರಕಾರದ ಕಾರ್ಯದರ್ಶಿಗಳೇ. ಒಬ್ಬ ನ್ಯಾಯಾಧೀಶರಿಲ್ಲ, ಒಬ್ಬ ವಿರೋಧ ಪಕ್ಷದ ಸದಸ್ಯರಿಲ್ಲ.

ಜಗತ್ತಿನ ಬೇರೆಡೆ ಹೀಗಿಲ್ಲ. ನಮಗೆ ಸ್ವಾತಂತ್ರ್ಯ ಬರುವುದಕ್ಕೆ ಮೂರು ವಾರಗಳಷ್ಟೇ ಮೊದಲು, 1947ರ ಜುಲೈ 26ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ರಾಷ್ಟ್ರೀಯ ಭದ್ರತಾ ಕಾಯ್ದೆಯಿಂದ ಸಿಐಎ ಹುಟ್ಟಿತು. ಅದಕ್ಕೆ ಪೊಲೀಸ್ ಅಧಿಕಾರವಾಗಲಿ ದೇಶದೊಳಗಿನ ಭದ್ರತೆಯ ಕೆಲಸವಾಗಲಿ ಇರಬಾರದೆಂದು ಆ ಕಾಯ್ದೆಯಲ್ಲೇ ಬರೆಯಲಾಯಿತು. ಸಿಐಎ ಅದನ್ನು ಪಾಲಿಸಿತೇ? ಇಲ್ಲ. ಅದರ ಕೈಗಳಿಗೆ ಅಂಟಿದ ರಕ್ತದ ಕಥೆಯನ್ನು ಮುಸ್ಲಿಮ್ ಜಗತ್ತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತನ್ನದೇ ಪ್ರಜೆಗಳ ಎರಡು ಲಕ್ಷಕ್ಕೂ ಹೆಚ್ಚು ಪತ್ರಗಳನ್ನು ಅದು ಗುಟ್ಟಾಗಿ ಒಡೆದು ನೋಡಿತ್ತು. ಆದರೆ 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಅದನ್ನು ಕೂರಿಸಿ ಪ್ರಶ್ನಿಸಿದಾಗ, ಉಲ್ಲಂಘನೆ ಎಂದು ತೋರಿಸಲು ಒಂದು ಗೆರೆಯಾದರೂ ಇತ್ತು. ನಮ್ಮಲ್ಲಿ ಗೆರೆಯೇ ಇಲ್ಲವಾದ್ದರಿಂದ ಉಲ್ಲಂಘನೆಯೂ ಇಲ್ಲ! ಬ್ರಿಟನ್‌ನದ್ದು ಇನ್ನೂ ಕುತೂಹಲಕರ. 1909ರಲ್ಲಿ ಹುಟ್ಟಿದ ತನ್ನ ವಿದೇಶಿ ಗೂಢಚರ ಸಂಸ್ಥೆ ಇದೆಯೆಂಬುದನ್ನೇ ಅದು 1992ರವರೆಗೆ ಅಧಿಕೃತವಾಗಿ ಒಪ್ಪಿರಲಿಲ್ಲ. ದೇಶದೊಳಗಿನ ಸಂಸ್ಥೆಗೆ 1989ರಲ್ಲಿ, ವಿದೇಶದ್ದಕ್ಕೆ 1994ರಲ್ಲಿ ಕಾಯ್ದೆ ಮಾಡಿತು. ಅಂದರೆ ನಮಗೆ ಈ ಚಾಳಿ ಕಲಿಸಿಕೊಟ್ಟವರೇ ಅದನ್ನು ಬಿಟ್ಟು ಮೂರು ದಶಕಗಳು ಕಳೆದಿವೆ. 1887ರ ಅವರ ಹಳೆಯ ಕೋಟನ್ನು ನಾವು ಇನ್ನೂ ತೊಟ್ಟುಕೊಂಡಿದ್ದೇವೆ. ಪಾಕಿಸ್ತಾನದ ಐಎಸ್‌ಐ ಕೂಡ ಕಾಯ್ದೆಯಿಲ್ಲದೆಯೇ ಬೆಳೆದ ಸಂಸ್ಥೆ. ಅದು ಅಲ್ಲಿನ ಚುನಾವಣೆಗಳಲ್ಲಿ ಆಡಿದ ಆಟಗಳ ವಿಚಾರಣೆ ಸುಪ್ರೀಮ್ ಕೋರ್ಟಿನಲ್ಲಿ ಹದಿನಾರು ವರ್ಷ ಎಳೆದು 2012ರಲ್ಲಿ ತೀರ್ಪು ಬಂತು. ನಾವು ಯಾರ ಸಾಲಿನಲ್ಲಿ ನಿಲ್ಲಬಯಸುತ್ತೇವೆ?

ಕಾನೂನಿನ ತಳಹದಿ ಎಂಬುದು ವಕೀಲರ ಕಾಗದದ ಮಾತಷ್ಟೇ ಅಲ್ಲ ಎಂಬುದಕ್ಕೆ ನಮ್ಮದೇ ರಾಜ್ಯದ ಡಾ. ಮುಹಮ್ಮದ್ ಹನೀಫ್ ಸಾಕ್ಷಿ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕಿದ್ದ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಆರೋಪ ಹೊರಿಸದೆಯೇ 12 ದಿನ ಇರಿಸಿಕೊಂಡರು, ವೀಸಾ ರದ್ದು ಮಾಡಿದರು. ಜುಲೈ 27ರಂದು ಆರೋಪವನ್ನು ಹಿಂತೆಗೆದುಕೊಂಡರು. ಮುಂದೆ ನಿವೃತ್ತ ನ್ಯಾಯಾಧೀಶ ಕ್ಲಾರ್ಕ್ ನಡೆಸಿದ ವಿಚಾರಣೆಯ ವರದಿ 2008ರ ಡಿಸೆಂಬರ್‌ನಲ್ಲಿ ಪ್ರಕಟವಾದಾಗ ಹೊರಬಿದ್ದ ಸಂಗತಿ ಏನು ಗೊತ್ತೇ? ಹನೀಫ್ ವಿರುದ್ಧ ತನ್ನಲ್ಲಿ ಯಾವ ಮಾಹಿತಿಯೂ ಇಲ್ಲವೆಂದು ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆಯೇ ಆ ಜುಲೈ ತಿಂಗಳಲ್ಲಿಯೇ ಸರಕಾರಕ್ಕೆ ತಿಳಿಸಿತ್ತು! 2010ರಲ್ಲಿ ಅವರಿಗೆ ಪರಿಹಾರವೂ ಸಿಕ್ಕಿತು. ಆ ಸಂಸ್ಥೆಗೆ 1979ರ ಕಾಯ್ದೆಯಿದೆ. ಅದರ ಮೇಲೆ ಕಣ್ಣಿಡಲು 1986ರ ಕಾಯ್ದೆಯ ಪ್ರಕಾರ ನೇಮಕಗೊಂಡ ಇನ್ಸ್‌ಪೆಕ್ಟರ್ ಜನರಲ್ ಇದ್ದಾರೆ. ಅಂಥ ವ್ಯವಸ್ಥೆಯಲ್ಲಿ ಗುಪ್ತಚರರು ಏನು ಹೇಳಿದ್ದರು ಎಂಬುದು ಹದಿನೆಂಟು ತಿಂಗಳಲ್ಲಿ ಪುಸ್ತಕವಾಗಿ ಜನರ ಕೈಗೆ ಬರಬಲ್ಲದು. ಇದೇ ಘಟನೆ ಇಲ್ಲಿ ನಡೆದಿದ್ದರೆ ಹನೀಫರನ್ನು ನಿರ್ದೋಷಿಯೆನ್ನುವ ಆ ಒಂದು ಪತ್ರ ಯಾವ ಕಪಾಟಿನಲ್ಲಿ ಉಳಿದಿರುತ್ತಿತ್ತು?

ಕಾಯ್ದೆ ಮಾಡಿದರೆ ಗುಟ್ಟು ಬಯಲಾಗುತ್ತದೆ, ದೇಶದ ಭದ್ರತೆಗೆ ಧಕ್ಕೆ ಬರುತ್ತದೆ ಎಂಬುದು ಅಧಿಕಾರದಲ್ಲಿರುವ ಎಲ್ಲ ಪಕ್ಷಗಳ ಸಿದ್ಧ ಉತ್ತರ. ಆದರೆ 2008ರ ನವೆಂಬರ್‌ನಲ್ಲಿ ಮುಂಬಯಿ ಮೇಲೆ ದಾಳಿಯಾದ ಬಳಿಕ, ಡಿಸೆಂಬರ್ ಮುಗಿಯುವ ಮುನ್ನವೇ ಇದೇ ಸಂಸತ್ತು ಎನ್‌ಐಎ ಕಾಯ್ದೆಯನ್ನು ಅಂಗೀಕರಿಸಿತು. ಆ ಕಾಯ್ದೆಯಲ್ಲಿನ ಕೆಲವು ಸೆಕ್ಷನ್‌ಗಳ ಬಗ್ಗೆ ನಮಗೆ ತೀವ್ರ ತಕರಾರಿದೆ. ಆದರೆ ತಕರಾರು ಎತ್ತಲು ಕೈಯಲ್ಲಿ ಸೆಕ್ಷನ್‌ಗಳಾದರೂ ಇವೆ.

ಕಾಯ್ದೆಯಿಲ್ಲದಿರುವುದರಿಂದ ದೇಶಕ್ಕೆ ಒದಗಿದ ಮುಜುಗರವನ್ನೂ ನೋಡಿ. ನ್ಯೂಯಾರ್ಕಿನಲ್ಲಿ ಸಿಖ್ ಪ್ರತ್ಯೇಕತಾವಾದಿಯೊಬ್ಬರ ಕೊಲೆಗೆ ಸಂಚು ನಡೆದಿತ್ತೆಂದು, ಸಂಪುಟ ಕಾರ್ಯಾಲಯದಲ್ಲಿ ಉದ್ಯೋಗಿಯಾಗಿದ್ದರೆನ್ನಲಾದ ಒಬ್ಬರ ಮೇಲೆ ಅಮೆರಿಕ 2024ರ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಆರೋಪ ಹೊರಿಸಿತು. ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ಹೇಳಲಿ. ನಮ್ಮ ಸರಕಾರ ಉನ್ನತ ಸಮಿತಿ ನೇಮಿಸಿತ್ತು. 2025ರ ಜನವರಿಯಲ್ಲಿ ಆ ಸಮಿತಿ, ಒಬ್ಬ ವ್ಯಕ್ತಿಯ ವಿರುದ್ಧ ಕಾನೂನು ಕ್ರಮವಾಗಬೇಕು, ವ್ಯವಸ್ಥೆ ಮತ್ತು ಕಾರ್ಯವಿಧಾನಗಳು ಸುಧಾರಿಸಬೇಕು ಎಂದಿತು. ವ್ಯಕ್ತಿಯ ಹೆಸರು ಹೇಳಲಿಲ್ಲ. ಇರಲಿ. ಯಾವ ಕಾರ್ಯವಿಧಾನ? ಅದನ್ನು ಬರೆದವರು ಯಾರು, ಮೀರಿದರೆ ಯಾವ ಶಿಕ್ಷೆ? ಕಾಯ್ದೆಯಿದ್ದಿದ್ದರೆ ಪ್ರಾಮಾಣಿಕ ಅಧಿಕಾರಿಯೊಬ್ಬ ತನ್ನ ಮೇಲಿನವರ ಅಕ್ರಮ ಆದೇಶವನ್ನು, ಇಂಥ ಸೆಕ್ಷನ್ ಇದನ್ನು ನಿಷೇಧಿಸುತ್ತದೆ ಸ್ವಾಮಿ, ಎಂದು ನಿರಾಕರಿಸಬಹುದಿತ್ತು.

ಇನ್ನು ನಮ್ಮ ಸಮುದಾಯದ ಬಗ್ಗೆ ಒಂದೆರಡು ಮಾತು. ಗುಪ್ತಚರ ಸಂಸ್ಥೆಗಳೆಂದರೆ ನಮ್ಮವರಲ್ಲಿ ಎರಡೇ ಭಾವ: ಒಂದೋ ಭಯ, ಇಲ್ಲವೇ ಬಯ್ಗುಳ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಯುವ ಪತ್ರಕರ್ತನೊಬ್ಬನನ್ನು ಭಯೋತ್ಪಾದನೆಯ ಆರೋಪದಲ್ಲಿ ಬಂಧಿಸಿದಾಗ, 'ಮೂಲಗಳು ತಿಳಿಸಿವೆ' ಎಂಬ ಎರಡು ಪದಗಳ ಬೆನ್ನೇರಿ ಪತ್ರಿಕೆಗಳು ಅವನನ್ನು ಸೂತ್ರಧಾರನನ್ನಾಗಿಸಿದವು. ಆರು ತಿಂಗಳ ಬಳಿಕ ಸಾಕ್ಷ್ಯವಿಲ್ಲವೆಂದು ಅವನು ಹೊರಬಂದ. ಆ 'ಮೂಲ' ಯಾರು ಎಂದು ಯಾರೂ ಕೇಳಲಿಲ್ಲ. ನಾವಾದರೂ ಕೇಳಿದೆವೇ? ಬಂಧನವಾದಾಗ ಖಂಡನಾ ಸಭೆ, ಬಿಡುಗಡೆಯಾದಾಗ ಸನ್ಮಾನ ಸಭೆ, ನಡುವೆ ಸಚಿವರಿಗೊಂದು ಮನವಿ ಪತ್ರ. ಆ ಮನವಿಯಲ್ಲಿ ಇರುವುದು ಕರುಣೆಯ ಕೋರಿಕೆ: ಅಮಾಯಕರಿಗೆ ತೊಂದರೆ ಕೊಡಬೇಡಿ. ಕೇಳಬೇಕಾದ್ದು ಕರುಣೆಯನ್ನಲ್ಲ, ಕಾಯ್ದೆಯನ್ನು. ಅದೂ ಮುಸ್ಲಿಮರಾಗಿ ಅಲ್ಲ, ಪ್ರಜೆಗಳಾಗಿ. ಕುಲಕರ್ಣಿಯವರಿಗಾಗಲಿ ಪುಟ್ಟಸ್ವಾಮಿಯವರಿಗಾಗಲಿ ಈ ಪ್ರಶ್ನೆ ಕೇಳಲು ಯಾವ ಸಮುದಾಯದ ಗಾಯವೂ ಕಾರಣವಾಗಿರಲಿಲ್ಲ.

ಪ್ರಯತ್ನಗಳೇ ಆಗಿಲ್ಲವೆಂದಲ್ಲ. ಉಪರಾಷ್ಟ್ರಪತಿಯಾಗಿದ್ದ ಹಾಮಿದ್ ಅನ್ಸಾರಿ 2010ರ ಜನವರಿಯಲ್ಲಿ, ಅದೂ 'ರಾ' ಸ್ಥಾಪಕರ ಹೆಸರಿನ ಸ್ಮಾರಕ ಉಪನ್ಯಾಸದಲ್ಲಿಯೇ, ಗುಪ್ತಚರ ಸಂಸ್ಥೆಗಳು ಸಂಸತ್ತಿನ ಮೇಲ್ವಿಚಾರಣೆಗೆ ಒಳಪಡಬೇಕೆಂದು ಪ್ರತಿಪಾದಿಸಿದರು. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಲೋಕಸಭೆಯಲ್ಲಿ ಒಂದು ಖಾಸಗಿ ಮಸೂದೆ ಮಂಡಿಸಿದರು. 'ರಾ', ಐ.ಬಿ. ಮತ್ತಿತರ ಸಂಸ್ಥೆಗಳಿಗೆ ಶಾಸನದ ಆಧಾರ, ಸಂಸದರನ್ನೊಳಗೊಂಡ ಮೇಲ್ವಿಚಾರಣಾ ಸಮಿತಿ, ದೂರು ಕೇಳಲು ನ್ಯಾಯಮಂಡಳಿ, ಒಬ್ಬ ಓಂಬುಡ್ಸ್‌ಮನ್ ಎಲ್ಲವೂ ಅದರಲ್ಲಿದ್ದವು. ಮರುವರ್ಷ ತಿವಾರಿಯವರು ಸಚಿವರಾದರು, ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ. ಆಗ ಅಧಿಕಾರದಲ್ಲಿದ್ದುದು ಅವರದೇ ಪಕ್ಷ ಎಂಬುದನ್ನು, ಇವತ್ತು ವಿರೋಧ ಪಕ್ಷದ ಪೀಠದಿಂದ ಕದ್ದಾಲಿಕೆಯ ಬಗ್ಗೆ ಗುಡುಗುವವರು ಮರೆಯಬಾರದು. 2016ರ ಫೆಬ್ರವರಿಯಲ್ಲಿ ಇದೇ ಬೇಡಿಕೆಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಮ್ ಕೋರ್ಟ್ ವಜಾಗೊಳಿಸಿತು. ಆದ್ದರಿಂದ ಚೆಂಡು ಈಗ ಸಂಸತ್ತಿನ ಅಂಗಳದಲ್ಲಿಯೇ ಇದೆ.

ಖಾಸಗಿ ಮಸೂದೆಗಳಿಗೆ ಲೋಕಸಭೆಯಲ್ಲಿ ಮೀಸಲಾದ ಹೊತ್ತು ಶುಕ್ರವಾರದ ಮಧ್ಯಾಹ್ನ. ಕರ್ನಾಟಕದಿಂದ 28 ಮಂದಿ ಅಲ್ಲಿಗೆ ಹೋಗುತ್ತಾರೆ, ರಾಜ್ಯಸಭೆಗೆ 12 ಮಂದಿ. ಮೈಸೂರಿನವರು, ಮಂಗಳೂರಿನವರು, ಕಲಬುರಗಿಯವರು ತಮ್ಮ ಸಂಸದರಿಗೆ ರೈಲು ಮತ್ತು ರಸ್ತೆಯ ಮನವಿ ಕೊಡುವಾಗ ಇನ್ನೊಂದು ಹಾಳೆಯನ್ನೂ ಸೇರಿಸಲಿ: 2011ರ ಮಸೂದೆಯನ್ನು ಮತ್ತೆ ತನ್ನಿ. ಅದಕ್ಕೆ ಒಂದು ಸೆಕ್ಷನ್ ಹೆಚ್ಚುವರಿಯಾಗಿ ಸೇರಿಸಿ. ವಿದೇಶಕ್ಕೆಂದು ಸ್ಥಾಪಿತವಾದ ಸಂಸ್ಥೆ ದೇಶದೊಳಗಿನ ಪ್ರಜೆಯ ದೂರವಾಣಿ, ಕಂಪ್ಯೂಟರುಗಳತ್ತ ನ್ಯಾಯಾಧೀಶರೊಬ್ಬರ ಲಿಖಿತ ಅನುಮತಿಯಿಲ್ಲದೆ ಕೈ ಚಾಚಕೂಡದು ಎಂಬುದೇ ಆ ಸೆಕ್ಷನ್.